ಓ ಗುಂಪಿನ ತಾಯಿ, ಬಿ ಗುಂಪಿನ ಮಗಳು

ಗುರುವಾರ ಮಧ್ಯಾಹ್ನ ಪ್ರಾಕ್ಟಿಕಲ್ ಮುಗಿಸಿ ಕೈ ತೊಳೆಯುತ್ತಿದ್ದೆ. ಆ ಹುಡುಗಿ ಬಂದು ಪ್ರಯೋಗಾಲಯದ ಬಾಗಿಲಲ್ಲಿ ನಿಂತಳು. ಬಿಎಸ್ಸಿ ಎರಡನೆಯ ವರ್ಷದವಳು. ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯ ಹತ್ತಿರದ ಹಳ್ಳಿ, ಕುರಿ ಸಾಕುವ ಮನೆತನ. ಎಂಟು ದಿನದಿಂದ ಕಾಲೇಜಿಗೆ ಬಂದಿರಲಿಲ್ಲ. "ಏನಮ್ಮ ಮಹಾರಾಣಿ, ಈಗ ನೆನಪಾಯಿತಾ ಕಾಲೇಜು?" ಎಂದು ಎಂದಿನಂತೆ ರೇಗಿದೆ. ಬಾಯಿಬಡುಕಿ ನಾನು, ಮೊದಲು ಬೈದು ಆಮೇಲೆ ಮುಖ ನೋಡುವವಳು. ಮುಖ ನೋಡಿದ ಮೇಲೆ ಒಳಗೆ ಕರೆದೆ.

"ಮೇಡಂ, ನಂದು ಬಿ ಗುಂಪು ಅಂತ ಹೋದ ವರ್ಷ ನೀವೇ ಹೇಳಿದ್ರಿ," ಎಂದಳು. "ಶಿಬಿರದಾಗೆ ಅಪ್ಪಂದು, ಅವ್ವಂದು ನೋಡಿ ಇಬ್ರಿಗೂ ಓ ಅಂತ ಚೀಟಿ ಬರ್ದು ಕೊಟ್ರಿ. ನಮ್ಮ ಚಿಕ್ಕಪ್ಪ ನಿಮ್ಮ ಚಾರ್ಟು ನೋಟ್‌ಬುಕ್ಕಿಗೆ ಇಳಿಸ್ಕಂಡಿದ್ರು. ಮೊನ್ನೆ ನನ್ನ ಪ್ರಾಕ್ಟಿಕಲ್ ರೆಕಾರ್ಡು ಅವ್ರ ಕಣ್ಣಿಗೆ ಬಿತ್ತು. ಅಪ್ಪ ಅವ್ವನ್ನ ಮನೆ ಬಿಟ್ಟು ಹೋಗು ಅಂದ್ರು. ಅವ್ವ ಅಜ್ಜಿ ಮನ್ಯಾಗವ್ಳೆ. ಅನ್ನ ಮುಟ್ಟಿಲ್ಲ. ಬಾವಿ ಕಡೆ ಹೋಗ್ತಾಳೋ ಏನೋ ಅಂತ ಅಜ್ಜಿ ಬಾಗ್ಲಿಗೇ ಕುಂತೈತೆ. ಭಾನುವಾರ ಹಿರೇರು ಕೂಡ್ತಾರೆ."

ನಲ್ಲಿ ನಿಲ್ಲಿಸುವುದನ್ನೂ ಮರೆತು ನಿಂತೆ.

ಏಕೆ ಹಾಗೆ ಹೆದರಿದೆ ಎಂಬುದು ತಿಳಿಯಬೇಕಾದರೆ ನನ್ನ ತಪ್ಪನ್ನು ಮೊದಲು ಹೇಳಿಬಿಡಬೇಕು. ಎಪ್ಪತ್ತರ ದಶಕದ ನಡುವಿನ ಮಾತಿದು. ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ನಾನು ಪ್ರಾಣಿಶಾಸ್ತ್ರ ಹೇಳುತ್ತಿದ್ದೆ. ಆ ವರ್ಷದ ದಸರಾ ರಜೆಯಲ್ಲಿ ವಿದ್ಯಾರ್ಥಿಗಳ ಸೇವಾ ಶಿಬಿರ ನಡೆದದ್ದು ಇದೇ ಹುಡುಗಿಯ ಹಳ್ಳಿಯಲ್ಲಿ. ಹುಡುಗರು ರಸ್ತೆಗೆ ಮಣ್ಣು ಹಾಕಿದರು, ನಾನು ಶಾಲೆಯ ಜಗಲಿಯಲ್ಲಿ ಮೇಜು ಹಾಕಿ ಊರವರ ರಕ್ತದ ಗುಂಪು ನೋಡಲು ಕುಳಿತೆ. ಅದಕ್ಕೆ ಬೇಕಾದ ಸೀರಂ ನಮ್ಮ ಕಾಲೇಜಿನಲ್ಲಿ ಎಂದೂ ಸಾಕಷ್ಟು ಇರುತ್ತಿರಲಿಲ್ಲ. ನಾನೊಂದು ಉಪಾಯ ಮಾಡಿಕೊಂಡಿದ್ದೆ. ಬಸ್ಸಾರಿಗೆಂದು ತಂದ ಹುರುಳಿಯನ್ನೇ ನೆನೆಸಿ, ಅರೆದು, ಉಪ್ಪುನೀರಿನಲ್ಲಿ ಕಲಸಿ ಸೋಸಿದರೆ ಬರುವ ರಸಕ್ಕೆ ಎ ಗುಂಪಿನ ರಕ್ತಕಣಗಳನ್ನು ಗುಂಪುಗೂಡಿಸುವ ಗುಣವಿದೆ. ಇನ್ನು ನಾನೇ ಎ ಗುಂಪಿನವಳು. ನನ್ನ ರಕ್ತದ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಮೇಲೆ ನಿಲ್ಲುವ ಹಳದಿ ನೀರು, ಬಿ ಗುಂಪಿನ ಕಣಗಳನ್ನು ಹಿಡಿದು ಅಂಟಿಸುತ್ತದೆ. ಹುರುಳಿ ರಸ ಒಂದು ಬಾಟಲಿ, ನನ್ನ ಸೀರಂ ಒಂದು ಬಾಟಲಿ, ಒಂದು ಬಿಳಿ ಟೈಲು, ಒಂದಿಷ್ಟು ಕಡ್ಡಿಗಳು. ಮೊದಲನೆಯದರಲ್ಲಿ ರಕ್ತ ಹರಳು ಹರಳಾದರೆ ಎ, ಎರಡನೆಯದರಲ್ಲಾದರೆ ಬಿ, ಎರಡರಲ್ಲೂ ಆದರೆ ಎಬಿ, ಎರಡರಲ್ಲೂ ಆಗದಿದ್ದರೆ ಓ. ಈ ಬಡವರ ಪ್ರಯೋಗಾಲಯದ ಬಗ್ಗೆ ನನಗೆ ಎಲ್ಲಿಲ್ಲದ ಜಂಬವಿತ್ತು.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಸಂಜೆ ಸುತ್ತಮುತ್ತಲ ಶಾಲೆಗಳ ಮೇಷ್ಟರನ್ನು ಕೂಡಿಸಿ ಅನುವಂಶೀಯತೆಯ ಪಾಠ ಹೇಳಿದೆ. ಪ್ರತಿಯೊಬ್ಬರಿಗೂ ರಕ್ತದ ಗುಂಪಿನ ಎರಡು ಪ್ರತಿ ಬರುತ್ತವೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಎ ಆಗಲಿ ಬಿ ಆಗಲಿ ಒಂದಿದ್ದರೂ ಹೊರಗೆ ಕಾಣುತ್ತದೆ. ಓ ಅಂದರೆ ಖಾಲಿ. ಓ ಗುಂಪಿನವರ ಎರಡೂ ಪ್ರತಿ ಖಾಲಿ, ಖಾಲಿ ಇರುವವರು ಮಕ್ಕಳಿಗೆ ಖಾಲಿಯನ್ನೇ ಕೊಡಬೇಕು. ಚಾರ್ಟಿನ ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ: ತಂದೆ ಓ, ತಾಯಿ ಓ ಆದರೆ ಮಕ್ಕಳೆಲ್ಲ ಓ, ಇದಕ್ಕೆ ಅಪವಾದವಿಲ್ಲ. ಮುಂದೆ ಕುಳಿತಿದ್ದ ಒಬ್ಬ ಮೇಷ್ಟರು ಕೇಳಿದರು, "ಒಂದೂ ಇಲ್ವಾ ಮೇಡಂ?" ನಾನು ನಕ್ಕು, "ಪ್ರಕೃತಿ ಲೆಕ್ಕ ತಪ್ಪೋದಿಲ್ಲ ಮೇಷ್ಟ್ರೇ," ಎಂದಿದ್ದೆ. ಅವರೇ ಈ ಹುಡುಗಿಯ ಚಿಕ್ಕಪ್ಪ.

ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಹುಡುಗಿ ಎಲ್ಲ ಹೇಳಿ ಮುಗಿಸಿದಾಗ ಒಂದು ಕ್ಷಣ ನಾನೂ ಆ ತಾಯಿಯನ್ನು ಅನುಮಾನಿಸಿದೆ. ಮರುಕ್ಷಣವೇ ನನ್ನ ಹುರುಳಿ ರಸವನ್ನು ಅನುಮಾನಿಸಿದೆ. ಆದರೆ ಎ ವಿಷಯ ಇಲ್ಲಿ ಬರುವುದೇ ಇಲ್ಲವಲ್ಲ! ತಪ್ಪಾಗಿದ್ದರೆ ಬಿ ಹಿಡಿಯುವ ನನ್ನ ಸೀರಮ್ಮೇ ತಪ್ಪಿರಬೇಕು. ಬಿಸಿಲಲ್ಲಿ ಇಟ್ಟುಕೊಂಡು ಕುಳಿತಿದ್ದೆ, ಶಕ್ತಿ ಕಳೆದುಕೊಂಡಿರಬಹುದು. ತಾಯಿ ನಿಜವಾಗಿ ಬಿ ಗುಂಪಿನವಳೇ ಇದ್ದು ನನ್ನ ಕೆಟ್ಟ ಸೀರಂ ಅವಳನ್ನು ಓ ಎಂದು ತೋರಿಸಿರಬಹುದು. ಹಾಗಾಗಿರಲಪ್ಪ ದೇವರೇ, ನಾನು ದಡ್ಡಿ ಎಂದೇ ಆಗಲಿ ಎಂದುಕೊಂಡೆ.

ಶುಕ್ರವಾರ ನಮ್ಮ ವಿಭಾಗದ ಹಿರಿಯ ಪ್ರಾಧ್ಯಾಪಕರಿಗೆ ಹೇಳಿದೆ. ನಿವೃತ್ತಿಗೆ ಹತ್ತಿರವಿದ್ದವರು, ಜಗಳವೆಂದರೆ ಆಗದು. "ಇಷ್ಟಕ್ಕೆ ಯಾಕ್ರೀ ಇಷ್ಟು ಗಾಬರಿ? ತಾಯಿ ಬಿ ಅಂತ ಇನ್ನೊಂದು ಚೀಟಿ ಬರೆದುಕೊಟ್ಟು ಬನ್ನಿ. ಔಷಧಿ ಹಳಸಿತ್ತು ಅನ್ನಿ. ಒಂದು ಸಂಸಾರ ಉಳಿಯುತ್ತೆ," ಎಂದರು. ತೆಗೆದುಹಾಕುವ ಮಾತಲ್ಲ ಎನಿಸಿತು. ಅಲ್ಲೇ ಅವರ ಮೇಜಿನ ಮೇಲೆ ಚೀಟಿ ಬರೆದು, ಬಿ ಎಂದು ಹಾಕಿ, ಸಹಿ ಮಾಡಿ ಪರ್ಸಿನಲ್ಲಿಟ್ಟುಕೊಂಡೆ. ಆಮೇಲೆ ಆಸ್ಪತ್ರೆಗೆ ಹೋಗಿ, ಪರಿಚಯವಿದ್ದ ಲ್ಯಾಬಿನವರನ್ನು ಕಾಡಿ ಬೇಡಿ ಒಳ್ಳೆಯ ಸೀರಮ್ಮಿನ ಎರಡು ಸಣ್ಣ ಶೀಷೆ ಇಸಕೊಂಡೆ, ಎ ಹಿಡಿಯುವುದು ನೀಲಿ, ಬಿ ಹಿಡಿಯುವುದು ಹಳದಿ. "ನಿಮ್ಮ ಹುರುಳಿ ಸಾರು ಊಟಕ್ಕೆ ಇಟ್ಕಳ್ರಿ ಮೇಡಂ," ಎಂದು ಅವರು ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ.

ಶನಿವಾರ ಬೆಳಿಗ್ಗೆ ಥರ್ಮಾಸಿನಲ್ಲಿ ಐಸು, ಅದರೊಳಗೆ ಶೀಷೆ, ಚೀಲದಲ್ಲಿ ಗಾಜಿನ ಸಿರಿಂಜು, ಸೂಜಿ, ಟೆಸ್ಟ್‌ಟ್ಯೂಬು, ಟೈಲು, ಉಪ್ಪುನೀರು ಇಟ್ಟುಕೊಂಡು ಹುಡುಗಿಯ ಜೊತೆ ಬಸ್ಸು ಹತ್ತಿದೆ. ಹೊಸದುರ್ಗದಲ್ಲಿ ಬಸ್ಸು ಬದಲಿಸುವಾಗ, "ಮೇಡಂ, ಇನ್ನೊಂದ್ ಸಲ ಓ ಅಂತಲೇ ಬಂದ್ರೆ?" ಎಂದಳು. "ಬಾಯಿ ಮುಚ್ಚಿಕೊಂಡು ಬಾರೇ," ಎಂದೆ. ಹೆದರಿದಾಗ ನನಗೆ ಸಿಟ್ಟು ಬರುತ್ತದೆ.

ಅಜ್ಜಿಯ ಮನೆ ಪಕ್ಕದ ಹಟ್ಟಿಯಲ್ಲಿತ್ತು, ಹಳ್ಳಿಯಿಂದ ಒಂದು ಮೈಲಿ ದೂರ. ಅಜ್ಜಿ ಬಾಗಿಲಲ್ಲೇ ಇತ್ತು. ಒಳಗೆ ಪಡಸಾಲೆಯಲ್ಲಿ ತಾಯಿ ರಾಟೆ ಮುಂದೆ ಕುಳಿತು ಉಣ್ಣೆ ನೂಲುತ್ತಿದ್ದಳು. ಮೂವತ್ತೆಂಟರ ಆಸುಪಾಸಿನ ಹೆಂಗಸು, ಗಟ್ಟಿ ಮೈಕಟ್ಟು, ಕಣ್ಣು ಮಾತ್ರ ಒಳಗೆ ಹೋಗಿದ್ದವು. ನನ್ನನ್ನು ನೋಡಿ ರಾಟೆ ನಿಲ್ಲಿಸಲಿಲ್ಲ.

"ಬರ್ರಿ ಮೇಡಮ್ಮೋರೆ, ಕುಂತ್ಕಳ್ರಿ," ಎಂದಳು. "ಅವತ್ತು ಒಂದು ತೊಟ್ಟು ತಗಂಡ್ರಿ, ನನ್ನ ಸಂಸಾರ ಹೋತು. ಇವತ್ತೇನು ಬೇಕು?"

ಕಾಲು ಹಿಡಿದುಕೊಳ್ಳುವುದೊಂದು ಬಾಕಿ, ಅಷ್ಟು ಬೇಡಿಕೊಂಡ ಮೇಲೆ ಬೆರಳು ಕೊಟ್ಟಳು. ಟೈಲಿನ ಮೇಲೆ ನೀಲಿ ಒಂದು ಹನಿ, ಹಳದಿ ಒಂದು ಹನಿ, ಎರಡಕ್ಕೂ ಅವಳ ರಕ್ತ ಬೆರೆಸಿ ಟೈಲನ್ನು ಅತ್ತ ಇತ್ತ ಓಲಾಡಿಸಿದೆ. ಎರಡು ನಿಮಿಷ. ಐದು ನಿಮಿಷ. ಎರಡೂ ಹನಿ ಕುಂಕುಮದ ನೀರಿನಂತೆ ನುಣ್ಣಗೆ ಉಳಿದವು. ಮಗಳ ಬೆರಳು ಚುಚ್ಚಿ ನೋಡಿದೆ. ಹಳದಿ ಹನಿಯಲ್ಲಿ ಆ ಕ್ಷಣವೇ ಹರಳುಗಟ್ಟಿತು. ಸೀರಂ ಚೆನ್ನಾಗಿಯೇ ಇತ್ತು. ತಾಯಿ ಓ, ಮಗಳು ಬಿ.

ಪರ್ಸಿನಿಂದ ಚೀಟಿ ತೆಗೆದೆ. "ನೋಡವ್ವ, ಇದರಲ್ಲಿ ಬಿ ಅಂತ ಬರೆದಿದ್ದೀನಿ. ನಾಳೆ ಹಿರಿಯರ ಮುಂದೆ ಇದನ್ನು ಕೊಡ್ತೀನಿ. ಅವತ್ತು ನನ್ನ ಔಷಧಿ ಕೆಟ್ಟಿತ್ತು ಅಂತೀನಿ. ಎಲ್ಲ ಸರಿ ಹೋಗುತ್ತೆ."

ರಾಟೆ ನಿಂತಿತು. "ಅಂದ್ರೆ ಸುಳ್ಳು."

"ನಿನ್ನ ಒಳ್ಳೇದಕ್ಕೆ."

"ಅಂದ್ರೆ ನಾನು ತಪ್ಪು ಮಾಡೀನಿ ಅಂತ ನೀವೂ ನಂಬೀರಿ," ಎಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೂ ಜಗಳವಾಡಲು ದಾರಿಯಾಗುತ್ತಿತ್ತು.

ಅಜ್ಜಿ ಬಾಗಿಲಿನಿಂದಲೇ ಗೊಣಗಿತು. "ನನ್ನ ಮಗಳ ರಕ್ತದ ಮ್ಯಾಲೆ ಯಾರ ಕಣ್ಣು ಬಿತ್ತೋ. ಅವಾಗ ಆಸ್ಪತ್ರ್ಯಾಗೂ ಇದೇ ಗೋಳು. ಇವಳ ರಕ್ತ ಸರಿ ಇಲ್ಲ, ಯಾರದ್ದೂ ಕೂಡಲ್ಲ ಅಂದ್ರು."

"ಯಾವಾಗ?" ಎಂದೆ.

"ಎರಡನೇ ಬಾಣಂತನದಾಗೆ. ಕೂಸು ಉಳೀಲಿಲ್ಲ. ಇವಳಿಗೆ ಮೈ ಮೇಲಿನ ರಕ್ತ ಎಲ್ಲ ಹೋತು. ರಕ್ತ ಹಾಕ್ಬೇಕು ಅಂದ್ರು. ಗಂಡಂದು ನೋಡಿದ್ರು, ಮೈದುನಂದು ನೋಡಿದ್ರು, ಊರಿಂದ ಹೋಗಿದ್ದ ಇನ್ನಿಬ್ರದ್ದು ನೋಡಿದ್ರು. ಇವಳ ಗುಂಪೇ ಅಂತೆ, ಆದ್ರೂ ಬೆರೆಸಿದ್ರೆ ಎಲ್ಲಾ ಒಡದು ಹೋಗ್ತೈತೆ ಅಂತ ಆ ಲ್ಯಾಬಿನಾತ ಬೈದು ಕಳಿಸ್ದ. ರಕ್ತ ಇಲ್ದಲೇ ಬದುಕಿ ಬಂದ್ಲು, ಮನೆದೇವರು ದೊಡ್ಡೋನು."

ಕೈಯಲ್ಲಿದ್ದ ಚೀಟಿ ಕೈಯಲ್ಲೇ ಉಳಿಯಿತು. ಓ ಗುಂಪಿನವಳ ರಕ್ತಕ್ಕೆ ಓ ಗುಂಪಿನ ನಾಲ್ವರದ್ದು ಬೆರೆಸಿದರೂ ಒಡೆದಿತ್ತು. ಹಾಗಾಗುವಂತಿಲ್ಲ. ಓ ಗುಂಪಿನ ರಕ್ತಕಣಗಳ ಮೇಲೆ ಎ ಇಲ್ಲ, ಬಿ ಇಲ್ಲ, ಅವುಗಳನ್ನು ಯಾರ ಸೀರಮ್ಮೂ ಹಿಡಿಯಬಾರದು. ಆದರೆ ಓ ಕಣಗಳು ಪೂರ್ತಿ ಬೋಳು ಅಲ್ಲ. ಅವುಗಳ ಮೇಲೆ ಎಚ್ ಎಂಬ ಇನ್ನೊಂದು ವಸ್ತುವಿದೆ. ಅದು ನಮಗೆಲ್ಲರಿಗೂ ಇರುವುದರಿಂದ ಯಾರೂ ಅದರ ಸುದ್ದಿ ಎತ್ತುವುದಿಲ್ಲ. ಎಲ್ಲೋ ಲಕ್ಷಾಂತರ ಜನರಲ್ಲಿ ಯಾರಿಗೋ ಅದೂ ಇರುವುದಿಲ್ಲ, ಅಂಥವರ ಸೀರಂ ಓ ಕಣಗಳನ್ನೂ ಹಿಡಿದು ಒಡೆಯುತ್ತದೆ. ಬೊಂಬಾಯಿಯಲ್ಲಿ ಮೊದಲು ಕಂಡು ಆ ಊರಿನ ಹೆಸರನ್ನೇ ಹೊತ್ತ ಆ ರಕ್ತದ ಬಗ್ಗೆ ಎಂಎಸ್ಸಿಯಲ್ಲಿ ಒಂದು ಪ್ಯಾರಾ ಓದಿದ್ದೆ. ಪರೀಕ್ಷೆಗೆ ಬರುವುದಿಲ್ಲವೆಂದು ಪುಟ ತಿರುಗಿಸಿದ್ದೆ.

ಅಯ್ಯೋ, ನಾನೆಂಥ ಟೀಚರು! ಜುಲೈ ತಿಂಗಳಿನಲ್ಲಿ ಇದೇ ಹುಡುಗಿಗೆ ಡಿಎನ್‌ಎ ಪಾಠ ಹೇಳಿದ್ದೆ. ಜೀನ್ ಅಂದರೆ ಬರೆದಿಟ್ಟ ಆಜ್ಞೆ ಮಾತ್ರ. ಅದರ ನಕಲು ಆರ್‌ಎನ್‌ಎ ಆಗಿ ಹೊರಬರುತ್ತದೆ, ರೈಬೋಸೋಮಿನಲ್ಲಿ ಆ ನಕಲನ್ನು ಓದಿಕೊಂಡು ಒಂದೊಂದೇ ಅಮೈನೋ ಆಮ್ಲ ಪೋಣಿಸಿ ಪ್ರೋಟೀನು ತಯಾರಾಗುತ್ತದೆ, ಆ ಪ್ರೋಟೀನು ಹೋಗಿ ಕೆಲಸ ಮಾಡುತ್ತದೆ. ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಬಿಡಿಸಿದ್ದೆ. ರಕ್ತದ ಗುಂಪಿಗೆ ಬಂದಾಗ ಅದನ್ನೆಲ್ಲ ಮರೆತು ಎ, ಬಿ, ಓ ಎಂದು ಗೋಲಿ ಎಣಿಸಿದಂತೆ ಎಣಿಸಿದ್ದೆ. ಬಿ ಜೀನ್ ತಾನೇ ಹೋಗಿ ರಕ್ತಕಣದ ಮೇಲೆ ಕೂರುವುದಿಲ್ಲ. ಅದು ಒಂದು ಕಿಣ್ವವನ್ನು, ಅಂದರೆ ಒಂದು ಪ್ರೋಟೀನನ್ನು ಮಾಡಿಸುತ್ತದೆ. ಆ ಕಿಣ್ವ ಎಚ್ ವಸ್ತುವಿಗೆ ಒಂದು ಸಕ್ಕರೆಯನ್ನು ಜೋಡಿಸಿದರೆ ಬಿ ಗುಂಪು. ಎಚ್ ಮಾಡಿಸಲು ಬೇರೆಯೇ ಜೀನ್, ಬೇರೆಯೇ ಕಿಣ್ವ. ಆ ಜೀನಿನ ಎರಡೂ ಪ್ರತಿ ಕೆಟ್ಟಿದ್ದರೆ ಎಚ್ ಇಲ್ಲ. ಬಿ ಕಿಣ್ವ ಸಕ್ಕರೆ ಹಿಡಿದುಕೊಂಡು ಕಾದರೂ ಜೋಡಿಸಲು ಜಾಗವಿಲ್ಲ. ಹೊರಗೆ ನೋಡಿದರೆ ಓ, ಒಳಗೆ ಬಿ. ಗಂಡನ ಕಡೆಯಿಂದ ಮಗುವಿಗೆ ಒಂದು ಒಳ್ಳೆಯ ಎಚ್ ಬಂದರೆ ಸಾಕು, ತಾಯಿಯೊಳಗೆ ಅಡಗಿದ್ದ ಬಿ ಮಗಳಲ್ಲಿ ಎದ್ದು ಕಾಣುತ್ತದೆ.

"ಅಜ್ಜೀ, ನಿನಗೆ ನಿನ್ನ ಗಂಡ ಏನಾಗಬೇಕಿತ್ತು?" ಎಂದೆ.

"ಏನಾಗಬೇಕಿತ್ತು ಅಂದ್ರೆ? ಸೋದರಮಾವ. ನಮ್ಮವ್ವನ ಕೊನೆ ತಮ್ಮ. ಮನೆ ಹೆಣ್ಣು ಮನೇಲೇ ಇರ್ಲಿ ಅಂತ ಕೊಟ್ರು."

ಒಂದೇ ಮನೆತನದಲ್ಲಿ ಅಡಗಿಕೊಂಡು ಬಂದ ಆ ಕೆಟ್ಟ ಪ್ರತಿ ತಂದೆಯ ಕಡೆಯಿಂದ ಒಂದು, ತಾಯಿಯ ಕಡೆಯಿಂದ ಒಂದು ಬಂದು ಅಜ್ಜಿಯ ಈ ಮಗಳಲ್ಲಿ ಕೂಡಿರಬಹುದು. ಅಜ್ಜಿಯ ಬೆರಳನ್ನೂ ಚುಚ್ಚಿದೆ. ಬಿ! ಹಾಗಾದರೆ ಬಿ ಬರಲು ಹೊರಗಿನವರು ಯಾರೂ ಬೇಕಿರಲಿಲ್ಲ, ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ ಇಳಿದಿರಬಹುದು.

ಸಂತೋಷಪಡಬೇಕಿತ್ತು. ಬದಲಿಗೆ ಅಲ್ಲಿಯವರೆಗೆ ಇಲ್ಲದ ಇನ್ನೊಂದು ಭಯ ಹುಟ್ಟಿತು. ನನ್ನ ಕೈಯಲ್ಲಿದ್ದ ಚೀಟಿಯಲ್ಲಿ ಬಿ ಎಂದಿದೆ. ಇದನ್ನು ನಂಬಿ ನಾಳೆ ಯಾವುದಾದರೂ ಆಸ್ಪತ್ರೆಯಲ್ಲಿ ಇವಳಿಗೆ ಬಿ ರಕ್ತ ಹಾಕಿದರೆ ಸಾಯುತ್ತಾಳೆ. ಶಿಬಿರದಲ್ಲಿ ಕೊಟ್ಟ ಚೀಟಿಯಲ್ಲಿ ಓ ಎಂದಿದೆ. ಅದನ್ನು ನಂಬಿ ಓ ರಕ್ತ ಹಾಕಿದರೂ ಸಾಯುತ್ತಾಳೆ. ಒಬ್ಬ ಹೆಂಗಸಿಗೆ ಎರಡು ಚೀಟಿ ಬರೆದಿದ್ದೆ, ಎರಡೂ ಅವಳ ಪ್ರಾಣ ತೆಗೆಯುವಂಥವು. ಆ ಲ್ಯಾಬಿನ ಮನುಷ್ಯ ಬೈದರೂ ಸರಿ, ಬೆರೆಸಿ ನೋಡದೆ ರಕ್ತ ಕೊಟ್ಟಿರಲಿಲ್ಲ. ಅದರಿಂದ ಅವಳು ಬದುಕಿದ್ದಳು. ಶಿಬಿರದ ಚೀಟಿಯನ್ನೂ ತಾಯಿಯಿಂದ ಕೇಳಿ ಇಸಕೊಂಡು, ಎರಡನ್ನೂ ಹರಿದು ಅಜ್ಜಿಯ ಒಲೆಗೆ ಹಾಕಿದೆ.

ಆದರೆ ಇದೆಲ್ಲ ಊಹೆ. ಒಂದು ಪ್ಯಾರಾ ಓದಿದ್ದೆ, ಅಷ್ಟೆ. ಅಂಥ ರಕ್ತವನ್ನು ನಾನು ಕಣ್ಣಲ್ಲಿ ಕಂಡವಳಲ್ಲ. ಸಾಬೀತು ಮಾಡುವುದು ಮಾತ್ರ ಸುಲಭ. ತಾಯಿಯ ಸೀರಮ್ಮಿಗೆ ಯಾರಾದರೂ ಓ ಗುಂಪಿನವರ ರಕ್ತಕಣ ಬೆರೆಸಬೇಕು. ಎಚ್ ಇಲ್ಲದವರ ಸೀರಂ ಎಚ್ ಇರುವ ಯಾವ ಕಣವನ್ನೂ ಬಿಡುವುದಿಲ್ಲ. ಹರಳುಗಟ್ಟಿದರೆ ಅವಳು ಗೆದ್ದಳು. ಈಗಲೇ, ಇಲ್ಲೇ, ಬಾಗಿಲು ಹಾಕಿಕೊಂಡು ನೋಡಿಬಿಡೋಣವೆಂದರೆ ಓ ಗುಂಪಿನವರು ಎಲ್ಲಿ? ನಾನು ಎ. ಅಜ್ಜಿ, ಮೊಮ್ಮಗಳು ಬಿ. ಹಟ್ಟಿಯವರ ಬೆರಳು ಚುಚ್ಚುತ್ತಾ ಹೊರಟರೆ ಸುದ್ದಿ ನನಗಿಂತ ಮುಂಚೆ ಹಳ್ಳಿ ತಲುಪುತ್ತದೆ. ಖಚಿತವಾಗಿ ಓ ಎಂದು ಗೊತ್ತಿದ್ದವರು ಇಬ್ಬರೇ, ಅವಳ ಗಂಡ ಮತ್ತು ಮೈದುನ.

ತಾಯಿಗೆ ಎಲ್ಲ ಬಿಡಿಸಿ ಹೇಳಿದೆ. "ನಾಳೆ ಹಿರಿಯರು ಸೇರುವ ಮುಂಚೆ ನಿನ್ನ ಗಂಡನಿಂದ ಗುಟ್ಟಾಗಿ ಒಂದು ತೊಟ್ಟು ತೆಗೆದುಕೊಂಡು ನೋಡ್ತೀನಿ. ಆಗಲಿಲ್ಲ ಅಂದರೆ ಅಲ್ಲಿಗೇ ಬಿಟ್ಟುಬಿಡೋಣ, ಬೇರೆ ದಾರಿ ಹುಡುಕೋಣ."

"ಗುಟ್ಟು ಯಾಕೆ? ಎಲ್ರ ಮುಂದೆ ಮಾಡ್ರಿ."

"ಅಲ್ಲವ್ವ, ನನಗೆ ಪೂರ್ತಿ ಗೊತ್ತಿಲ್ಲ. ನನ್ನ ಊಹೆ ತಪ್ಪಾದರೆ ಎಲ್ಲರ ಮುಂದೆ ನಿನ್ನ ಗತಿ?"

"ನಿಮ್ಮ ಊಹೆ ಅಲ್ದಿದ್ರೆ ಇನ್ನೊಂದೇನೋ ಇರ್ತೈತೆ. ನಾನೇನು ಅಂತ ನಂಗೆ ಗೊತ್ತೈತೆ ಮೇಡಮ್ಮೋರೆ. ಭಯ ಇರೋದು ನಿಮಗೆ," ಎಂದು ಅವಳು ರಾಟೆ ತಿರುಗಿಸಿದಳು.

ಭಾನುವಾರ ಬೆಳಿಗ್ಗೆ ಹಳ್ಳಿಯ ಗುಡಿ ಮುಂದಿನ ಕಟ್ಟೆಯ ಮೇಲೆ ಹಿರಿಯರು ಐದಾರು ಜನ ಕೂತಿದ್ದರು. ನಡುವೆ ಒಬ್ಬ ವಯಸ್ಸಾದ ಯಜಮಾನ, ಹೆಗಲ ಮೇಲೆ ಕರಿ ಕಂಬಳಿ. ಗಂಡ ಒಂದು ಕಡೆ ತಲೆ ತಗ್ಗಿಸಿ ನಿಂತಿದ್ದ. ಮೈದುನ ಮೇಷ್ಟರು ಕೈಯಲ್ಲಿ ನೋಟ್‌ಬುಕ್ಕು ಹಿಡಿದಿದ್ದರು. ಕೆಟ್ಟ ಮನುಷ್ಯರೇನಲ್ಲ, ಕಣ್ಣು ಕೆಂಪಾಗಿತ್ತು, ನಿದ್ದೆ ಮಾಡಿದಂತೆ ಕಾಣಲಿಲ್ಲ.

"ಮೇಡಂ, ಅವತ್ತು ಒಂದು ಹೇಳಿದ್ರಿ, ಇವತ್ತು ಒಂದು ಹೇಳಾಕೆ ಬಂದೀರಿ," ಎಂದರು. "ಒಂದೂ ಅಪವಾದ ಇಲ್ವಾ ಅಂತ ನಾನು ಬಾಯಿಬಿಟ್ಟು ಕೇಳಿದ್ದೆ. ಈಗ ಯಾವುದನ್ನ ನಂಬಾಣ?"

"ನನ್ನ ಮಾತು ನಂಬಬೇಡಿ ಮೇಷ್ಟ್ರೇ," ಎಂದೆ. ಅದನ್ನು ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂದದ್ದು. "ರಕ್ತ ತೆಗೆಯೋದು ನಾನು. ಟೈಲು ಹಿಡಿಯೋದು ನೀವು, ನೋಡಿ ಹೇಳೋದೂ ನೀವೇ."

ಸಿರಿಂಜು ಕುದಿಸಿ, ತಾಯಿಯ ರಟ್ಟೆಗೆ ರಬ್ಬರ್ ಕೊಳವೆ ಕಟ್ಟಿ ಒಂದು ಟ್ಯೂಬು ರಕ್ತ ತೆಗೆದೆ. ಮೈದುನನದೂ ಒಂದು ಟ್ಯೂಬು. ಅವರಿಗೆ ಎರಡು ಸಲ ಚುಚ್ಚಬೇಕಾಯಿತು. ಟ್ಯೂಬುಗಳನ್ನು ಒಂದು ಚೊಂಬಿನ ಉಗುರುಬೆಚ್ಚನೆ ನೀರಿನಲ್ಲಿ ನಿಲ್ಲಿಸಿದೆ, ತಣ್ಣಗಾದರೆ ಕೆಲವು ರಕ್ತ ಸುಮ್ಮಸುಮ್ಮನೆ ಅಂಟಿಕೊಂಡು ಮೋಸ ಮಾಡುತ್ತದೆ. ಹೆಪ್ಪುಗಟ್ಟಿ ಸೀರಂ ಬಿಡಲು ಒಂದು ಗಂಟೆಗೂ ಹೆಚ್ಚು ಕಾಯಬೇಕು. ಅಷ್ಟು ಉದ್ದದ ಗಂಟೆಯನ್ನು ನಾನು ಮತ್ತೆ ಕಂಡಿಲ್ಲ.

ಯಜಮಾನ ನನ್ನನ್ನು ಹತ್ತಿರ ಕರೆದ. "ತಾಯೀ, ಇದೇನು ಅಂತ ನನಗೆ ತಿಳಿಯಂಗೆ ಹೇಳು."

"ಕಂಬಳಿ ನೇಯಲು ನೂಲು ಬೇಕು, ಅಲ್ವಾ ಯಜಮಾನ್ರೇ? ನೂಲಿಗೆ ಬಣ್ಣ ಹಾಕ್ತೀವಿ. ಬಣ್ಣದವನು ಮನೆಯಲ್ಲಿದ್ದಾನೆ, ಬಣ್ಣವೂ ಇದೆ, ಆದರೆ ನೂಲೇ ಇಲ್ಲ ಅಂದ್ರೆ?"

"ಬಣ್ಣ ಯಾವುದಕ್ಕೆ ಹಾಕ್ತಾನೆ!"

"ಈ ತಾಯಿಯ ಕಥೆ ಅದೇ ಅಂತ ನನ್ನ ಅನುಮಾನ. ಬಿ ಅನ್ನೋ ಬಣ್ಣದವನು ಒಳಗಿದ್ದಾನೆ, ನೂಲಿಲ್ಲ. ಮಗಳಿಗೆ ತಂದೆ ಕಡೆಯಿಂದ ನೂಲು ಬಂತು. ತಾಯಿ ಕಡೆಯಿಂದ ಬಣ್ಣದವನು ಬಂದ."

ಮುದುಕ ಕಂಬಳಿಯ ಅಂಚನ್ನು ಬೆರಳಲ್ಲಿ ಹೊಸೆದು ನೋಡಿದ. "ಬಿಳಿ ಟಗರು, ಬಿಳಿ ಕುರಿಗೆ ಕರಿ ಮರಿ ಹುಟ್ಟಿದ್ದು ನಾನು ಕಂಡೀನಿ," ಎಂದ. "ಕುರಿ ಮ್ಯಾಲೆ ಯಾರೂ ಪಂಚಾಯ್ತಿ ಕೂರ್ಸಲಿಲ್ಲ." ಗಂಡ ಇನ್ನಷ್ಟು ತಲೆ ತಗ್ಗಿಸಿದ.

ಹಳದಿ ನೀರು ಮೇಲೆ ನಿಂತಿತು. ಗಂಡನ ಬೆರಳು ಚುಚ್ಚಿ ಅವನ ರಕ್ತವನ್ನು ಉಪ್ಪುನೀರಿನಲ್ಲಿ ತೊಳೆದು ತೆಳ್ಳಗೆ ಮಾಡಿದೆ. ಟೈಲಿನ ಮೇಲೆ ಮೂರು ಹನಿ ಇಟ್ಟೆ. ಇಡುವ ಮುಂಚೆಯೇ ಗಟ್ಟಿಯಾಗಿ ಹೇಳಿಬಿಟ್ಟೆ, ಆಮೇಲೆ ತಪ್ಪಿಸಿಕೊಳ್ಳಲು ದಾರಿ ಇರಬಾರದೆಂದು. "ಎಡಗಡೆ ತಾಯಿಯ ಸೀರಂ, ತಾಯಿಯದೇ ರಕ್ತ. ಇದು ಒಡೆಯಬಾರದು. ನಡುವೆ ಮೇಷ್ಟರ ಸೀರಂ, ಅಣ್ಣನ ರಕ್ತ. ಇದೂ ಒಡೆಯಬಾರದು. ಬಲಗಡೆ ತಾಯಿಯ ಸೀರಂ, ಗಂಡನ ರಕ್ತ. ಇದು ಒಡೆದರೆ ಈ ತಾಯಿ ಹೇಳಿದ್ದು ಸತ್ಯ, ನಾನು ಬರೆದ ಚಾರ್ಟು ಸುಳ್ಳು."

ಒಡೆಯದಿದ್ದರೆ ಏನೆಂದು ನಾನು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಮೇಷ್ಟರು ಟೈಲು ತೆಗೆದುಕೊಂಡು ಅತ್ತ ಇತ್ತ ಓಲಾಡಿಸತೊಡಗಿದರು. ನಾನು ನೋಡಲಿಲ್ಲ. ನೋಡಲು ಧೈರ್ಯ ಬರಲಿಲ್ಲ, ತಾಯಿಯ ಮುಖ ನೋಡುತ್ತಾ ನಿಂತೆ. ಅವಳು ಸೂಜಿ ಚುಚ್ಚಿದ ಕಡೆ ಹತ್ತಿ ಒತ್ತಿಕೊಂಡು ಆರಾಮವಾಗಿ ಕುಳಿತಿದ್ದಳು. ಹತ್ತು ಎಣಿಸಿದೆ. ಇಪ್ಪತ್ತು ಎಣಿಸಿದೆ. ಸುಳ್ಳು ಚೀಟಿಯನ್ನು ಯಾಕಾದರೂ ಹರಿದೆನೋ, ಅದಾದರೂ ಇದ್ದಿದ್ದರೆ ಎಂಬ ಯೋಚನೆಯೂ ಬಂದುಹೋಯಿತು.

"ಮೇಡಂ," ಎಂದರು ಮೇಷ್ಟರು. "ಬಲಗಡೇದು..."

"ನೀವೇ ಹೇಳಿ!"

"ಒಡೀತು. ಹಾಲು ಒಡದಂಗೆ ಒಡೀತು. ಉಳಿದವೆರಡೂ ಅಂಗೇ ಅವೆ."

ಟೈಲು ಕೈಯಿಂದ ಕೈಗೆ ಹೋಯಿತು. ಯಜಮಾನ ಕಣ್ಣ ಹತ್ತಿರ ಹಿಡಿದು ನೋಡಿದ. ಗಂಡ ನೋಡಿದ, ನೋಡಿ ಕಟ್ಟೆಯ ಅಂಚಿಗೆ ಕುಸಿದು ಕುಳಿತ. ಹುಡುಗಿ ತಾಯಿಯ ತೊಡೆಯ ಮೇಲೆ ಬಿದ್ದು ಅತ್ತಳು. ನಾನೂ ಅತ್ತೆ, ಮೇಡಂ ಎಂಬ ಮರ್ಯಾದೆ ಬಿಟ್ಟು ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು ತಾಯಿಗೆ, ಮಗಳಿಗೆ ಇಬ್ಬರಿಗೂ ಹೇಳಿದೆ: ಇನ್ನು ಮುಂದೆ ಎಂಥ ಕಷ್ಟ ಬಂದರೂ ಇವಳಿಗೆ ಬೇರೆಯವರ ರಕ್ತ ಹಾಕಿಸಕೂಡದು, ಇವಳಂಥದೇ ರಕ್ತದವರದ್ದು ಮಾತ್ರ ಆಗುತ್ತದೆ, ಒಡಹುಟ್ಟಿದವರಲ್ಲಿ ಹುಡುಕಬೇಕು, ಅವರಲ್ಲಿ ಒಬ್ಬೊಬ್ಬರಿಗೂ ನಾಲ್ಕರಲ್ಲೊಂದು ಪಾಲು ಸಾಧ್ಯತೆ ಇದೆ.

"ಗಂಡನ ರಕ್ತ ಕಂಡ್ರೆ ನನ್ನ ರಕ್ತಕ್ಕೆ ಅಷ್ಟು ಸಿಟ್ಟೈತಾ!" ಎಂದು ಅವಳು ನಕ್ಕಳು. ಆ ಎರಡು ದಿನದಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

ಯಜಮಾನ ಎದ್ದು, "ಮುಗೀತಪ್ಪ. ಕರ್ಕಂಡು ಹೋಗು ನಿನ್ನ ಹೆಂಡ್ತೀನ," ಎಂದ. ಗಂಡ ಹತ್ತಿರ ಬಂದು ನಿಂತ. "ಮನೀಗೆ ಹೋಗಾಣ ಬಾ," ಎಂದ, ನೆಲ ನೋಡುತ್ತಾ.

ಅವಳು ಏಳಲಿಲ್ಲ. "ಇದು ಒಡೀದಿದ್ರೆ?" ಎಂದಳು. ಗಂಡ ನೆಲದಿಂದ ಕಣ್ಣೆತ್ತಲಿಲ್ಲ. ಮೈದುನನ ಕಡೆ ತಿರುಗಿದಳು, "ಒಡೀದಿದ್ರೆ, ಮೇಷ್ಟ್ರೇ?" ಯಜಮಾನನ ಕಡೆ ತಿರುಗಿದಳು. ಆ ಮುದುಕ ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡ. ಕೊನೆಗೆ ನನ್ನನ್ನು ನೋಡಿದಳು.

"ಒಡೀದಿದ್ರೆ ಏನ್ ಮಾಡ್ತಿದ್ರಿ ಮೇಡಮ್ಮೋರೆ?"

"ಗೊತ್ತಿಲ್ಲ ಕಣವ್ವ," ಎಂದೆ. ನಿಜಕ್ಕೂ ಗೊತ್ತಿರಲಿಲ್ಲ.

"ನೀವೊಬ್ರಾದ್ರೂ ಗೊತ್ತಿಲ್ಲ ಅಂದ್ರಲ್ಲ," ಎಂದಳು. "ಒಡೀದಿದ್ರೂ ನಾನು ಇವತ್ತು ಏನಿದೀನೋ ಅದೇ ಇರ್ತಿದ್ದೆ."

ಮಗಳ ಕೈ ಹಿಡಿದುಕೊಂಡು ಎದ್ದು ಕಟ್ಟೆ ಇಳಿದಳು. ಗಂಡನ ಮನೆ ಎಡಕ್ಕಿತ್ತು. ಅವಳು ಹಟ್ಟಿಯ ದಾರಿ ಹಿಡಿದಳು. ಗಂಡ ಸ್ವಲ್ಪ ಹೊತ್ತು ನಿಂತಲ್ಲೇ ನಿಂತಿದ್ದ, ಆಮೇಲೆ ಅವರ ಹಿಂದೆ ಹೊರಟ. ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ.